ತಂಗಡಿ ಹೂವು: ತೊಗಲಿನ ಹದದಿಂದ ಮೈಯ ಕಾಂತಿಯವರೆಗೆ

ತೂಬಗೆರೆ ಸೀಮೆಯ ಕೆಂಪು ನೆಲದಲ್ಲಿ ಯಾರೂ ಬಿತ್ತದೆ, ಯಾರೂ ನೀರೆರೆಯದೆ ಬೆಳೆಯುವ ಗಿಡಗಳಲ್ಲಿ ತಂಗಡಿಯೂ ಒಂದು. ಕೆರೆಯ ಏರಿ, ಗೋಮಾಳ, ಹೊಲದ ಬದು, ಮಾಕಳಿದುರ್ಗದ ಬುಡದ ಕಲ್ಲುನೆಲ, ಘಾಟಿ ಸುಬ್ರಹ್ಮಣ್ಯಕ್ಕೆ ಹೋಗುವ ದಾರಿಯ ಇಕ್ಕೆಲಗಳು, ಇವೆಲ್ಲ ಅದರ ನೆಲೆ. ನಮ್ಮ ಹೋಬಳಿಗೆ ಹೆಸರು ತಂದುಕೊಟ್ಟದ್ದು ಹಲಸು. ತಂಗಡಿಗೆ ಅಂತಹ ಯಾವ ಕೀರ್ತಿಯೂ ಬರಲಿಲ್ಲ. ಆದರೂ ನಮ್ಮ ಹಿರಿಯರ ಬದುಕಿನಲ್ಲಿ ಈ ಗಿಡ ಹೊಕ್ಕು ಬಳಸಿದಷ್ಟು ಬೇರೆ ಕಾಡುಗಿಡ ಬಳಸಿರಲಾರದು.

ಈಗ ಇದನ್ನು ಬರೆಯಲು ಕಾರಣವಿದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಳೆದ ತಿಂಗಳು ದೂರವಾಣಿಯಲ್ಲಿ ಮಾತನಾಡಿದಳು. ಆಕೆ ಈಗ ತನ್ನ ಹಳ್ಳಿಯ ಸ್ತ್ರೀಶಕ್ತಿ ಸಂಘದಲ್ಲಿದ್ದಾಳೆ. "ಸಾರ್, ಸಂಘದಿಂದ ತಂಗಡಿ ಹೂವಿನ ಸ್ನಾನದ ಪುಡಿ ಮಾಡಿ ಮಾರೋಣ ಅಂತಿದ್ದೀವಿ. ಬೆಂಗಳೂರಿನಲ್ಲಿ ಒಳ್ಳೆಯ ಬೆಲೆಯಿದೆಯಂತೆ. ಪೊಟ್ಟಣದ ಮೇಲೆ ಏನು ಬರೆಸಬಹುದು? ಮೈಬಣ್ಣ ಬೆಳ್ಳಗಾಗುತ್ತೆ, ಸಕ್ಕರೆ ಕಾಯಿಲೆ ಹೋಗುತ್ತೆ ಅಂತ ಬೇರೆಯವರೆಲ್ಲ ಬರೆಸಿದ್ದಾರೆ," ಎಂದಳು. ಒಂದು ಮಾತಿನಲ್ಲಿ ಉತ್ತರಿಸುವ ಪ್ರಶ್ನೆ ಇದಲ್ಲ. ಹನ್ನೆರಡು ಹೆಣ್ಣುಮಕ್ಕಳ ದುಡಿಮೆಯ ಹಣವೂ, ಕೊಂಡು ಬಳಸುವವರ ಮೈಯೂ ಇದರಲ್ಲಿ ಸೇರಿವೆ. ಆದ್ದರಿಂದ ಅವಳಿಗೆ ಹೇಳಿದ್ದನ್ನು ಸ್ವಲ್ಪ ವಿಸ್ತರಿಸಿ, ನಿಮಗೆಲ್ಲರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಗಿಡದ ಪರಿಚಯ. ನಮ್ಮ ಕಡೆ ತಂಗಡಿ ಎನ್ನುವುದನ್ನು ಬೇರೆ ಕಡೆಗಳಲ್ಲಿ ಆವರಿಕೆ, ಹೊನ್ನಾವರಿಕೆ ಎನ್ನುತ್ತಾರೆ. ತೆಲುಗಿನಲ್ಲಿ ತಂಗೇಡು, ತಮಿಳಿನಲ್ಲಿ ಆವಾರಂ, ಸಂಸ್ಕೃತದಲ್ಲಿ ಆವರ್ತಕೀ. ಸ್ವೀಡನ್ನಿನ ಲಿನಿಯಸ್ 1753ರಲ್ಲಿ ಇದಕ್ಕೆ ಕ್ಯಾಸಿಯಾ ಆರಿಕ್ಯುಲೇಟಾ ಎಂದು ಹೆಸರಿಟ್ಟನು. ಈಗಿನ ಸಸ್ಯಶಾಸ್ತ್ರಜ್ಞರು ಸೆನ್ನಾ ಆರಿಕ್ಯುಲೇಟಾ ಎನ್ನುತ್ತಾರೆ. ಆರಿಕ್ಯುಲೇಟಾ ಎಂದರೆ ಕಿವಿಯುಳ್ಳದ್ದು ಎಂದರ್ಥ. ಏಳನೆಯ ತರಗತಿಯವರನ್ನು ಹೊರಸಂಚಾರಕ್ಕೆ ಕರೆದೊಯ್ದಾಗಲೆಲ್ಲ ನಾನು ತೋರಿಸುತ್ತಿದ್ದ ಆ 'ಕಿವಿ' ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಎಲೆಯ ತೊಟ್ಟು ಕೊಂಬೆಗೆ ಸೇರುವೆಡೆಯಲ್ಲಿ ಎರಡು ಅಗಲವಾದ, ಕಿವಿಯಾಕಾರದ ಹಸಿರು ಎಲೆಗಳಂಥವು ಅಂಟಿಕೊಂಡಿರುತ್ತವೆ. ಈ ಗುರುತನ್ನು ಮರೆಯಬೇಡಿ. ಮುಂದೆ ಇದರ ಅಗತ್ಯ ಬೀಳುತ್ತದೆ.

ತಂಗಡಿಯ ಚರಿತ್ರೆಯಲ್ಲಿ ಹೂವಿಗಿಂತ ದೊಡ್ಡ ಪಾತ್ರ ತೊಗಟೆಯದು. ಶ್ರೀರಂಗಪಟ್ಟಣದ ಪತನದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮೈಸೂರು ಸೀಮೆಯನ್ನೆಲ್ಲ ಸುತ್ತಿ, ಕಂಡದ್ದನ್ನು ಬರೆದಿಟ್ಟುಕೊಂಡನು. ದೊಡ್ಡಬಳ್ಳಾಪುರವೂ ಅವನ ದಾರಿಯಲ್ಲಿತ್ತು. ಅವನ ಬರಹ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಬೆಂಗಳೂರಿನ ಕಡೆ ತೊಗಲು ಹದ ಮಾಡುವ ಕ್ರಮವನ್ನು ವಿವರಿಸುವಾಗ ಅವನು ತಂಗಡಿಯ ತೊಗಟೆಯನ್ನು ಹೆಸರಿಸಿದ್ದಾನೆ. ತೊಗಟೆಯನ್ನು ಜಜ್ಜಿ ನೀರಿನಲ್ಲಿ ನೆನೆಸಿ, ಸುಣ್ಣದಲ್ಲಿ ಕೂದಲು ತೆಗೆದ ತೊಗಲನ್ನು ಆ ರಸದಲ್ಲಿ ದಿನಗಟ್ಟಲೆ ಅದ್ದಿಡುತ್ತಿದ್ದರು. ಕೊಳೆತು ಹೋಗಬೇಕಾದ ಚರ್ಮ ಗಟ್ಟಿಯಾಗಿ, ಬಾಗುವ ಗುಣ ಪಡೆದು, ವರ್ಷಾನುಗಟ್ಟಲೆ ಬಾಳುತ್ತಿತ್ತು.

ಈ ವಿದ್ಯೆ ನಮ್ಮ ಹಳ್ಳಿಗಳಲ್ಲಿ ಮಾದಿಗ ಸಮುದಾಯದವರ ಕೈಯಲ್ಲಿತ್ತು. ಬಾವಿಯಿಂದ ನೀರೆತ್ತುವ ಕಪಿಲೆಯ ಬಾನಿ, ಎತ್ತಿನ ಮಿಣಿ, ರೈತನ ಕಾಲಿನ ಎಕ್ಕಡ, ಇವೆಲ್ಲ ಅವರು ಹದ ಮಾಡಿದ ತೊಗಲಿನಿಂದ ಆಗುತ್ತಿದ್ದವು. ವಿದ್ಯುತ್ ಪಂಪು ಬರುವ ಮೊದಲು ಈ ಬಯಲುಸೀಮೆಯಲ್ಲಿ ಬಾವಿಯ ನೀರು ಹೊಲಕ್ಕೆ ಹರಿದದ್ದು ತಂಗಡಿಯ ತೊಗಟೆಯ ಬಲದಿಂದ, ಆ ಕೈಗಳ ಬಲದಿಂದ. ಅವರು ಹೊಲೆದ ಬಾನಿಯ ನೀರನ್ನು ಉಂಡ ಊರು ಅವರನ್ನು ಮಾತ್ರ ದೂರವಿಟ್ಟಿತು. ತಂಗಡಿಯ ಕಥೆ ಹೇಳುವಾಗ ಹೂವಿನ ಚೆಲುವನ್ನಷ್ಟೇ ಹೇಳಿ ಈ ಸಂಗತಿಯನ್ನು ಬಿಟ್ಟರೆ ಅದು ಚರಿತ್ರೆಯಾಗುವುದಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಆವಾರಂ ತೊಗಟೆ ದೊಡ್ಡ ವ್ಯಾಪಾರದ ಸರಕಾಯಿತು. ಮದರಾಸು ಪ್ರಾಂತ್ಯದಿಂದ ಇಂಗ್ಲೆಂಡಿಗೆ ಹೋಗುತ್ತಿದ್ದ ಹದಗೊಂಡ ತೊಗಲಿಗೆ ಈ ತೊಗಟೆಯೇ ಮುಖ್ಯ ಸಾಧನವಾಗಿತ್ತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಎರಡು ಕಡೆಯಿಂದ ಅದಕ್ಕೆ ಪೆಟ್ಟು ಬಿತ್ತು. ದಕ್ಷಿಣ ಆಫ್ರಿಕದಿಂದ ವ್ಯಾಟಲ್ ಎಂಬ ಜಾಲಿ ಜಾತಿಯ ಮರದ ತೊಗಟೆ ಹಡಗಿನಲ್ಲಿ ಬರತೊಡಗಿತು. ಜೊತೆಗೆ, ಕ್ರೋಮಿಯಂ ಲವಣದಿಂದ ಬೇಗನೆ ಹದ ಮಾಡುವ ವಿಧಾನ ಬಂದಿತು. ಆ ಕ್ರೋಮ್ ಹದವನ್ನು ಮದರಾಸಿನಲ್ಲಿ ನೆಲೆಗೊಳಿಸಿದವರು ಆಲ್ಫ್ರೆಡ್ ಚಾಟರ್ಟನ್. 1912ರಲ್ಲಿ ಅವರು ಮೈಸೂರು ಸಂಸ್ಥಾನಕ್ಕೆ ಬಂದು ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯ ಮುಖ್ಯಸ್ಥರಾದರು. ಮೊದಲ ಮಹಾಯುದ್ಧದಿಂದ ಶ್ರೀಗಂಧದ ಕೊರಡುಗಳ ರಫ್ತು ನಿಂತಾಗ, ಇಲ್ಲಿಯೇ ಗಂಧದೆಣ್ಣೆ ತೆಗೆಯುವ ಕಾರ್ಯಕ್ಕೆ ಒತ್ತಾಸೆಯಾದವರಲ್ಲಿ ಅವರೂ ಒಬ್ಬರು. 1916ರಲ್ಲಿ ಗಂಧದೆಣ್ಣೆ, ಎರಡು ವರ್ಷಗಳ ನಂತರ ಮೈಸೂರಿನ ಸರ್ಕಾರಿ ಸಾಬೂನು. ತಂಗಡಿಯ ತೊಗಟೆಯನ್ನು ಹದದ ತೊಟ್ಟಿಯಿಂದ ಹೊರಗೆ ತಂದ ಬದಲಾವಣೆಯಲ್ಲಿಯೂ, ತಂಗಡಿಯ ಹೂವನ್ನು ಬಚ್ಚಲಿನಿಂದ ಹೊರಗೆ ತಂದ ಬದಲಾವಣೆಯಲ್ಲಿಯೂ ಒಬ್ಬನೇ ಅಧಿಕಾರಿಯ ಕೈ ಇದ್ದದ್ದು ಇತಿಹಾಸದ ಸೋಜಿಗಗಳಲ್ಲಿ ಒಂದು.

ಇನ್ನು ಹೂವಿನ ಕಡೆಗೆ ಬರೋಣ. ಕನ್ನಡನಾಡಿನಲ್ಲಿ ಮೈಯ ಆರೈಕೆ ಒಂದು ಶಾಸ್ತ್ರವೇ ಆಗಿತ್ತು. ಎರಡನೆಯ ಚಾವುಂಡರಾಯನು 1025ರ ಸುಮಾರಿಗೆ ರಚಿಸಿದ 'ಲೋಕೋಪಕಾರ'ದಲ್ಲಿ ಮಳೆ, ಮನೆ, ಬಾವಿ, ಮರಗಿಡ, ಅಡುಗೆಗಳ ಜೊತೆಗೆ ಸುಗಂಧದ್ರವ್ಯಗಳಿಗೂ ಒಂದು ಅಧ್ಯಾಯ ಮೀಸಲಾಗಿದೆ. ಅನಂತರ ನೂರು ವರ್ಷಗಳಿಗೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ರಾಜನ ಸುಖಗಳನ್ನು ಎಣಿಸುವಾಗ ಸ್ನಾನ, ವಿಲೇಪನ, ಮಾಲ್ಯಗಳಿಗೆ ಬೇರೆ ಬೇರೆ ಅಧ್ಯಾಯಗಳಿವೆ. ಅದು ಅರಮನೆಯ ಮಾತು. ಕಸ್ತೂರಿ, ಕುಂಕುಮಕೇಸರಿಗಳು ಬಡವರ ಬಚ್ಚಲಿಗೆ ಎಲ್ಲಿಂದ ಬರಬೇಕು? ಹಳ್ಳಿಯ ಬಚ್ಚಲಿಗೆ ಒದಗಿದ್ದು ಸೀಗೆ, ಅಂಟುವಾಳ, ಚಿಗರೆಪುಡಿ, ಹೆಸರುಹಿಟ್ಟು, ಕಡಲೆಹಿಟ್ಟು, ಅವುಗಳೊಂದಿಗೆ ಬೇಲಿಯ ಬದಿಯ ತಂಗಡಿ ಹೂವು.

ನಮ್ಮ ಮನೆಯಲ್ಲಿ ಅಜ್ಜಿ ಧನುರ್ಮಾಸದ ಬೆಳಗ್ಗೆ ಅಂಗಳದ ಸಗಣಿಯ ಬೆನಕನಿಗೆ ಕುಂಬಳದ ಹೂವಿನ ಜೊತೆ ತಂಗಡಿ ಹೂವನ್ನು ಮುಡಿಸುತ್ತಿದ್ದರು. ಉಳಿದ ಹೂವನ್ನು ನೆರಳಿನಲ್ಲಿ ಮೊರದ ಮೇಲೆ ಹರಡಿ ಒಣಗಿಸಿ, ಹೆಸರುಕಾಳು, ಕಸ್ತೂರಿ ಅರಿಶಿನ, ಲಾವಂಚದ ಬೇರಿನೊಂದಿಗೆ ಬೀಸುಕಲ್ಲಿನಲ್ಲಿ ಬೀಸುತ್ತಿದ್ದರು. ಬೇಸಿಗೆಯಲ್ಲಿ ಬೆವರುಸಾಲೆ ಎದ್ದ ಮಕ್ಕಳ ಮೈಗೆ ಆ ಪುಡಿಯನ್ನು ಮಜ್ಜಿಗೆಯಲ್ಲಿ ಕಲಸಿ ಹಚ್ಚುವುದು ವಾಡಿಕೆ. ನೆರೆಯ ತಮಿಳರಲ್ಲಿ, ಆವಾರಂ ಹೂಬಿಟ್ಟಿರುವಲ್ಲಿ ಸಾಯುವವರನ್ನು ಕಂಡವರುಂಟೆ ಎಂಬರ್ಥದ ಗಾದೆಯೇ ಇದೆ. ಸಿಂಹಳದಲ್ಲಿ ರಣವರಾ ಎಂಬ ಹೆಸರಿನಿಂದ ಇದರ ಕಷಾಯವನ್ನು ಚಹದಂತೆ ಕುಡಿಯುತ್ತಾರೆ. ತೆಲಂಗಾಣದವರು ಬತುಕಮ್ಮ ಹಬ್ಬದಲ್ಲಿ ಇದನ್ನು ಸುತ್ತುಸುತ್ತಾಗಿ ಜೋಡಿಸುತ್ತಾರೆ. 2014ರಲ್ಲಿ ರಾಜ್ಯ ರಚನೆಯಾದಾಗ ಇದನ್ನೇ ರಾಜ್ಯಪುಷ್ಪವನ್ನಾಗಿ ಆರಿಸಿಕೊಂಡರು.

ಹಾಗಾದರೆ ಈ ಹೂವಿನಿಂದ ಚರ್ಮಕ್ಕೆ ನಿಜವಾಗಿಯೂ ಪ್ರಯೋಜನವುಂಟೆ? ಇದಕ್ಕೆ ಉತ್ತರ ಹುಡುಕಲು ತೊಗಲಿನ ತೊಟ್ಟಿಯ ಬಳಿಗೇ ಹೋಗಬೇಕು. ತಂಗಡಿಯ ತೊಗಟೆಯಲ್ಲಿ ತೊಗಲನ್ನು ಹದಗೊಳಿಸುವ ವಸ್ತುವಿಗೆ ಟ್ಯಾನಿನ್ ಎಂದು ಹೆಸರು. ನಾಲಿಗೆಗೆ ನಾವು ಒಗರು ಎನ್ನುತ್ತೇವಲ್ಲ, ಅದೇ. ಬಾಳೆಯ ಹೂವು, ಎಳೆಯ ಮಾವು, ಅಡಿಕೆ ತಿಂದಾಗ ಬಾಯಿ ಬಿಗಿದಂತಾಗುವುದು, ಈ ವಸ್ತು ಜೊಲ್ಲಿನ ಪ್ರೋಟೀನುಗಳನ್ನು ಹಿಡಿದುಕೊಳ್ಳುವುದರಿಂದ. ಸತ್ತ ತೊಗಲಿನಲ್ಲಿ ಅದು ದಿನಗಟ್ಟಲೆ ನೆನೆದು ನಾರಿನೊಳಗಿನವರೆಗೂ ಇಳಿಯುತ್ತದೆ. ಜೀವಂತ ಚರ್ಮದ ಮೇಲೆ ಹತ್ತು ನಿಮಿಷವಿದ್ದು ತೊಳೆದುಹೋಗುವ ಪುಡಿ ಮೇಲ್ಪದರವನ್ನಷ್ಟೇ ಮುಟ್ಟೀತು. ಎಣ್ಣೆಪಸೆ ಕಡಮೆಯಾದಂತೆ, ಚರ್ಮ ಬಿಗಿಯಾದಂತೆ ತೋರುವುದು ಈ ಒಗರಿನ ಗುಣ. ಹೂವಿನಲ್ಲಿ ಟ್ಯಾನಿನ್ ಜೊತೆಗೆ ಫ್ಲೇವನಾಯ್ಡುಗಳೆಂಬ ವಸ್ತುಗಳೂ ಇವೆ. ಪ್ರಯೋಗಶಾಲೆಯ ಗಾಜಿನ ಬಟ್ಟಲಿನಲ್ಲಿ ಇದರ ಸಾರ ಕೆಲವು ಸೂಕ್ಷ್ಮಜೀವಿಗಳನ್ನು ತಡೆದಿದೆ. ಆದರೆ ಗಾಜಿನ ಬಟ್ಟಲು ಬೇರೆ, ಮನುಷ್ಯನ ಮುಖ ಬೇರೆ. ಜನರ ಚರ್ಮದ ಮೇಲೆ ಕ್ರಮಬದ್ಧವಾಗಿ ನಡೆದ ಪರೀಕ್ಷೆಗಳು ತೀರ ವಿರಳ. ಆದ್ದರಿಂದ ನ್ಯಾಯವಾಗಿ ಹೇಳಬಹುದಾದದ್ದು ಇಷ್ಟು: ಎಣ್ಣೆಪಸೆಯ ಚರ್ಮಕ್ಕೆ ಇದು ಹಿತವಾದ, ಹಗುರವಾದ ಶುಚಿಕಾರಕ. ಅದೇ ಒಗರಿನ ಕಾರಣ ಒಣಚರ್ಮದವರಿಗೆ ಬಿರಿತ ಹೆಚ್ಚಾದೀತು.

ಮೈಬಣ್ಣದ ಮಾತು ಬಂದಾಗ ನನಗೆ ಮೇಷ್ಟ್ರ ದನಿ ಬರುತ್ತದೆ, ಸಹಿಸಿಕೊಳ್ಳಿ. ಹೂವು ಹೊನ್ನಿನ ಬಣ್ಣದ್ದಾದ್ದರಿಂದ ಹಚ್ಚಿಕೊಂಡವರೂ ಹೊನ್ನಿನ ಬಣ್ಣದವರಾಗುತ್ತಾರೆಂಬ ನಂಬಿಕೆ ಬೆಳೆದಿರಬೇಕು. ಚರ್ಮದ ಬಣ್ಣವನ್ನು ನಿರ್ಧರಿಸುವ ಮೆಲನಿನ್ ಬಿಸಿಲಿನಿಂದ ನಮ್ಮನ್ನು ಕಾಯುವ ಕೊಡೆ. ತೊಳೆದರೆ ಕೊಳೆ ಹೋಗುತ್ತದೆ, ಕೊಡೆ ಹೋಗುವುದಿಲ್ಲ, ಹೋಗಲೂ ಬಾರದು. ಬೆಳ್ಳಗಾಗುವ ಹಂಬಲ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ಪ್ರಕರಣಗಳೇ ಸಾಕ್ಷಿ. ಬಿಳುಪಿನ ಕ್ರೀಮುಗಳಲ್ಲಿದ್ದ ಪಾದರಸದಿಂದ ಅಲ್ಲಿ ಹಲವರ ಮೂತ್ರಪಿಂಡಗಳು ಕೆಟ್ಟಿದ್ದವು. ನಮ್ಮ ದೇಶದ 2020ರ ಸೌಂದರ್ಯವರ್ಧಕ ನಿಯಮಗಳು ಇಂತಹ ಕ್ರೀಮುಗಳಿಗೆ ಪಾದರಸ ಬೆರೆಸುವುದನ್ನು ನಿಷೇಧಿಸಿವೆ. ತಿಳಿಯದೆ ಸೇರಿದ್ದರೂ ಹತ್ತು ಲಕ್ಷದಲ್ಲಿ ಒಂದು ಭಾಗವನ್ನು ಮೀರುವಂತಿಲ್ಲ. ಹಚ್ಚಿದ ಒಂದು ವಾರದಲ್ಲಿ ಮುಖ ಬೆಳ್ಳಗೆ ಹೊಳೆಯಿತೆಂದರೆ ಸಂತೋಷಪಡುವ ಬದಲು ಡಬ್ಬಿಯಲ್ಲಿ ಏನಿದೆಯೆಂದು ಸಂಶಯಪಡಬೇಕು.

ಸುರಕ್ಷತೆಯ ವಿಚಾರದಲ್ಲಿ ಹಚ್ಚುವುದಕ್ಕೂ ಕುಡಿಯುವುದಕ್ಕೂ ಇರುವ ಅಂತರವನ್ನು ಮೊದಲು ತಿಳಿಯಬೇಕು. ಸಕ್ಕರೆ ಕಾಯಿಲೆಗೆ ತಂಗಡಿ ಹೂವು ಎಂಬ ಮಾತಿಗೆ ಆಧಾರವೇ ಇಲ್ಲವೆಂದಲ್ಲ. 2002ರಲ್ಲಿ ಅಣ್ಣಾಮಲೈ ವಿಶ್ವವಿದ್ಯಾಲಯದ ಸಂಶೋಧಕರು, ಹೂವಿನ ಸಾರವು ಮಧುಮೇಹವುಂಟುಮಾಡಿದ ಇಲಿಗಳ ರಕ್ತದ ಸಕ್ಕರೆಯನ್ನು ಇಳಿಸಿತೆಂದು ವರದಿ ಮಾಡಿದರು. ಆದರೆ ಅದು ಇಲಿಗಳಲ್ಲಿ. ಇನ್ನೊಂದು ಕಡೆ, 1981ರಲ್ಲಿ ಶ್ರೀಲಂಕಾದ ಸಂಶೋಧಕರು ತಮ್ಮ ನಾಡಿನ ಮೂಲಿಕೆಗಳನ್ನು ಪರೀಕ್ಷಿಸಿದಾಗ ಈ ಗಿಡದಲ್ಲಿ ಯಕೃತ್ತಿಗೆ ಹಾನಿ ಮಾಡಬಲ್ಲ ಪಿರೊಲಿಜಿಡಿನ್ ಎಂಬ ಗುಂಪಿನ ಕ್ಷಾರವಸ್ತುಗಳನ್ನು ಕಂಡರು. 2004ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ, ಇದರ ಕಷಾಯವು ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಾಜೆಪಿನ್ ಔಷಧದ ಪ್ರಮಾಣವನ್ನು ಇಲಿಗಳ ರಕ್ತದಲ್ಲಿ ಹೆಚ್ಚಿಸಿತು. ಬಚ್ಚಲಿನಲ್ಲಿ ತೊಳೆದುಹೋಗುವ ಪುಡಿಗೆ ಈ ಭಯ ಅಷ್ಟಾಗಿಲ್ಲ. ದಿನವೂ ಲೋಟಗಟ್ಟಲೆ ಕುಡಿಯುವವರಿಗೆ, ಅದರಲ್ಲೂ ಗರ್ಭಿಣಿಯರಿಗೆ, ಯಕೃತ್ತಿನ ತೊಂದರೆಯುಳ್ಳವರಿಗೆ, ನಿತ್ಯ ಮಾತ್ರೆ ನುಂಗುವ ಹಿರಿಯರಿಗೆ ಇದೆ. ನಮ್ಮ ಬಂಧುಗಳಲ್ಲಿಯೇ ಕೆಲವರು ಸಕ್ಕರೆಯ ಮಾತ್ರೆ ಬಿಟ್ಟು ಹೂವಿನ ಕಷಾಯಕ್ಕೆ ಇಳಿದಿರುವುದಾಗಿ ಕೇಳಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ವೈದ್ಯರನ್ನು ಕೇಳದೆ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ.

ಎರಡನೆಯದು ಗುರುತು ತಪ್ಪುವ ಅಪಾಯ. ರಸ್ತೆಬದಿಯಲ್ಲಿ ನೆಟ್ಟಿರುವ ಎತ್ತರದ ಸೀಮೆತಂಗಡಿ ಬೇರೆ. ಪಾಳುನೆಲದ ದೊಡ್ಡ ತಗಚೆಯಂತೂ ತೀರ ಬೇರೆ. ಹೂವು ಅದರದೂ ಹಳದಿಯೇ. ಪಶ್ಚಿಮ ಉತ್ತರ ಪ್ರದೇಶದಲ್ಲಿ ಪ್ರತಿವರ್ಷ ಚಿಕ್ಕಮಕ್ಕಳನ್ನು ಬಲಿತೆಗೆದುಕೊಳ್ಳುತ್ತಿದ್ದ ನಿಗೂಢ ಕಾಯಿಲೆಗೆ ಈ ದೊಡ್ಡ ತಗಚೆಯ ಕಾಯಿ ತಿಂದದ್ದೇ ಕಾರಣವೆಂದು 2007ರ ಸುಮಾರಿಗೆ ವೈದ್ಯರು ಕಂಡುಹಿಡಿದರು. ನಾನು ಕಿವಿಯ ಗುರುತನ್ನು ಮರೆಯಬೇಡಿರೆಂದದ್ದು ಇದಕ್ಕಾಗಿ. ಕಿವಿಯೆಲೆ ಕಾಣದಿದ್ದರೆ ಹೂವನ್ನು ಕೀಳಬೇಡಿ.

ಮೂರನೆಯದು ಬೆರಕೆಯ ವಿಚಾರ. ಅಂಗಡಿಯ 'ಹೂವಿನ ಪುಡಿ'ಗಳಲ್ಲಿ ತಂಗಡಿಯ ಜೊತೆ ಗುಲಾಬಿ, ಸೇವಂತಿಗೆ, ಚೆಂಡುಹೂವೂ ಸೇರಿರುತ್ತವೆ. ಇಲ್ಲಿ ನಮ್ಮ ಸೀಮೆಯವರು ಗಮನಿಸಬೇಕಾದ ಒಂದು ಸಂಗತಿಯಿದೆ. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು, ಬರಬರುತ್ತಾ ಬೆಂಗಳೂರು ಸುತ್ತಮುತ್ತ ಹಬ್ಬಿದ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಸಾವಿರಾರು ರೈತರಿಗೆ ಚರ್ಮದ ಉರಿತುರಿಕೆಯನ್ನು ತಂದಿತು. 1975ರಲ್ಲಿ ಕರ್ನಾಟಕ ಸರ್ಕಾರ ಅದನ್ನು ಹಾನಿಕರ ಕಳೆಯೆಂದು ಘೋಷಿಸಬೇಕಾಯಿತು. ಅದನ್ನು ತಿನ್ನುವ ದುಂಬಿಯನ್ನು ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟದ್ದೂ ಉಂಟು. ಸೇವಂತಿಗೆ, ಚೆಂಡುಹೂವು, ಸೂರ್ಯಕಾಂತಿಗಳು ಆ ಕಳೆಯ ಕುಟುಂಬದವೇ. ಕಾಂಗ್ರೆಸ್ ಗಿಡ ಒಗ್ಗದವರ ಚರ್ಮಕ್ಕೆ ಸೇವಂತಿಗೆಯೂ ಒಗ್ಗದಿರಬಹುದು. ತಂಗಡಿ ಆ ಕುಟುಂಬದ್ದಲ್ಲ, ಅವರೆ ತೊಗರಿಗಳ ನೆಂಟ. ಆದರೆ ಪೊಟ್ಟಣದಲ್ಲಿ ಬೆರೆತ ಮೇಲೆ ಯಾವುದು ಯಾವುದೆಂದು ಹೇಳುವವರಾರು?

ಸಸ್ಯಮೂಲದ್ದಾದ ಮಾತ್ರಕ್ಕೆ ನಿರಪಾಯವಲ್ಲ ಎಂಬುದಕ್ಕೆ ಜಪಾನಿನ ಒಂದು ಉದಾಹರಣೆ ಕೊಡುತ್ತೇನೆ. ಅಲ್ಲಿ ಗೋಧಿಯ ಪ್ರೋಟೀನನ್ನು ಒಡೆದು ಬೆರೆಸಿದ ಮುಖದ ಸಾಬೂನೊಂದನ್ನು ಬಳಸಿದ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ, ಗೋಧಿಯ ಆಹಾರ ತಿಂದಾಗ ಅಲರ್ಜಿಯಾಗತೊಡಗಿತು. 2011ರಲ್ಲಿ ಆ ಸಾಬೂನನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು. ಚರ್ಮದ ದಾರಿಯಿಂದ ಹೊಕ್ಕ ಆಹಾರದ ವಸ್ತುವನ್ನು ದೇಹ ಶತ್ರುವೆಂದು ತಿಳಿಯಬಲ್ಲದು. ಇಸುಬಿನಿಂದ ಚರ್ಮ ಒಡೆದ ಕೂಸುಗಳಿಗೆ ಹಿಟ್ಟು, ಪುಡಿಗಳನ್ನು ತಿಕ್ಕಬಾರದೆಂದು ವೈದ್ಯರು ಹೇಳುವುದರಲ್ಲಿ ಅರ್ಥವಿದೆ. ಅಜ್ಜಿಯ ಕಾಲದ ಪದ್ಧತಿಯೆಂಬ ಗೌರವ ಇರಲಿ, ಆದರೆ ಗಾಯವಾದ ಚರ್ಮಕ್ಕೆ ಅದನ್ನು ಹಚ್ಚುವುದು ಬೇಡ.

ಹೊಸದಾಗಿ ಬಳಸುವವರು ಹೀಗೆ ಮಾಡಿ. ಚಿಟಿಕೆ ಪುಡಿಯನ್ನು ನೀರಿನಲ್ಲಿ ಕಲಸಿ, ಮೊಣಕೈಯ ಒಳಬದಿಯಲ್ಲಿ ನಾಲ್ಕಾಣೆಯಷ್ಟಗಲ ಹಚ್ಚಿ, ಮುಖದ ಮೇಲೆ ಎಷ್ಟು ಹೊತ್ತು ಬಿಡುವಿರೋ ಅಷ್ಟೇ ಹೊತ್ತು ಬಿಟ್ಟು ತೊಳೆಯಿರಿ. ದಿನಕ್ಕೆರಡು ಸಲದಂತೆ ಏಳರಿಂದ ಹತ್ತು ದಿನ ಮಾಡಿ. ಕೆಂಪಾಗದೆ, ತುರಿಕೆಯಾಗದೆ ಇದ್ದರೆ ಮಾತ್ರ ಮುಖಕ್ಕೆ ಹಚ್ಚಿ. ಪುಡಿ ಒಣಗಿರಬೇಕು. ಬೂಸಲು ವಾಸನೆ ಬಂದರೆ ತಿಪ್ಪೆಗೆ ಎಸೆಯಿರಿ. ಕೂಸಿನ ಮೂಗಿನ ಬಳಿ ಪುಡಿ ಹಾರಿಸಬೇಡಿ.

ನನ್ನ ವಿದ್ಯಾರ್ಥಿನಿಗೆ ಹೇಳಿದ್ದು ಇದನ್ನೇ. "ಮಗಳೇ, ಮಾರಾಟಕ್ಕೆ ಮಾಡುವುದಾದರೆ ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳ ಪರವಾನಗಿ ಬೇಕು. ಮೊದಲು ಅದನ್ನು ವಿಚಾರಿಸು. ಪೊಟ್ಟಣದ ಮೇಲೆ ಏನೇನು ಬೆರೆಸಿದ್ದೀರೆಂದು ಪೂರ್ತಿ ಬರೆಸು, ತಯಾರಿಸಿದ ತಿಂಗಳು, ಬಳಸಬೇಕಾದ ಅವಧಿ ಬರೆಸು. ಮೈಗೆ ಹಚ್ಚಲು ಮಾತ್ರ, ಸೇವಿಸಲು ಅಲ್ಲ ಎಂದು ದಪ್ಪಕ್ಷರದಲ್ಲಿ ಬರೆಸು. ಸಕ್ಕರೆ ಕಾಯಿಲೆ ಗುಣವಾಗುತ್ತದೆಂದು ಜಾಹೀರಾತು ಕೊಡುವುದು 1954ರ ಕಾನೂನಿನ ಪ್ರಕಾರ ಅಪರಾಧ. ಬೆಳ್ಳಗಾಗುತ್ತದೆಂಬುದು ಸುಳ್ಳು. ಇವೆರಡನ್ನೂ ಬಿಟ್ಟುಬಿಡು." ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇವೆಲ್ಲ ಬಿಟ್ಟರೆ ಯಾರು ಕೊಳ್ಳುತ್ತಾರೆ ಸಾರ್?" ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆ. ತೂಬಗೆರೆಯ ನೆಲದ ಹೂವು, ಗುರುತು ನೋಡಿ ಕಿತ್ತದ್ದು, ನೆರಳಿನಲ್ಲಿ ಒಣಗಿಸಿದ್ದು, ಬೆರಕೆಯಿಲ್ಲದ್ದು, ಇಷ್ಟು ನಿಜವನ್ನು ಬರೆದರೆ ಮೊದಲ ವರ್ಷ ಕಡಮೆ ಮಂದಿ ಕೊಂಡಾರು, ಆದರೆ ಕೊಂಡವರು ಮತ್ತೆ ಬಂದಾರು ಎಂದೆ. ಸಂಘದವರು ಸೇರಿ ಆಲೋಚಿಸುತ್ತೇವೆಂದು ಹೇಳಿದ್ದಾಳೆ.

ಕೊನೆಗೊಂದು ಮಾತು. ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ನಿಲ್ದಾಣ ಆರಂಭವಾದಂದಿನಿಂದ ನಮ್ಮ ಸುತ್ತಲಿನ ಬಯಲುಗಳು ನಿವೇಶನಗಳಾಗುತ್ತಿವೆ. ಜೆಸಿಬಿ ಯಂತ್ರಕ್ಕೆ ತಂಗಡಿ ಬರೀ ಕುರುಚಲು. ಹೂವಿಗೆ ಬೆಲೆ ಬಂದಾಗ ಗಿಡಕ್ಕೂ ಬೆಲೆ ಬರುತ್ತದೆ ಎಂಬ ಆಸೆ ನನಗಿದೆ. ಕೀಳುವವರು ಕೊಂಬೆ ಮುರಿಯದೆ, ಅರ್ಧದಷ್ಟನ್ನಾದರೂ ಕಾಯಿಗಟ್ಟಲು ಬಿಟ್ಟು ಕೀಳಬೇಕು. ಚಪ್ಪಟೆ ಕಾಯಿ ಒಣಗಿದಾಗ ಬೀಜ ತೆಗೆದು ನಿಮ್ಮ ಹೊಲದ ಬದುವಿನಲ್ಲಿ ಚೆಲ್ಲಿ. ನಿಮ್ಮ ಮನೆಗಳಲ್ಲಿ ತಂಗಡಿಯನ್ನು ಹೇಗೆ ಬಳಸುತ್ತಿದ್ದರು, ತೊಗಲು ಹದ ಮಾಡುತ್ತಿದ್ದ ಹಿರಿಯರ ನೆನಪು ಯಾರಿಗಾದರೂ ಇದೆಯೆ, ತಿಳಿಸಿ. ಅವರ ಹೆಸರು, ಅವರ ಕಸುಬಿನ ಮಾತುಗಳು ಬರಹಕ್ಕೆ ಬಾರದೆ ಮರೆಯಾಗುವುದು ಬೇಡ.